ಮಂಜಿನ ದಾರಿ, ಹಳೆಯ ಗಾಡಿ, ಕ್ಸೆನಾನ್ ದೀಪ

ಮುಂಗಾರು ಹಿಡಿಯಲು ಇನ್ನು ಕೆಲವೇ ವಾರಗಳು ಉಳಿದಿವೆ. ಮೈಲುತುತ್ತ, ಸುಣ್ಣ, ರಾಳ ಕೊಳ್ಳಲೆಂದು ಸಂಘದ ಮಳಿಗೆಗೆ ಬರುವ ಸದಸ್ಯರು ಈ ದಿನಗಳಲ್ಲಿ ತಪ್ಪದೆ ಕೇಳುವ ಇನ್ನೊಂದು ಪ್ರಶ್ನೆಯುಂಟು. “ಗಾಡಿಗೆ ಫಾಗ್ ಲೈಟ್ ಹಾಕಿಸಬೇಕು ಅಂತ ಇದ್ದೀನಿ, ಕ್ಸೆನಾನ್ ಹಾಕಿಸಿದ್ರೆ ಹೇಗೆ?” ಎಂಬುದೇ ಆ ಪ್ರಶ್ನೆ. ಇದನ್ನು ನಮ್ಮಲ್ಲಿ ಕೇಳುವುದಕ್ಕೆ ಕಾರಣವೂ ಇದೆ. 2022ರ ಮಳೆಗಾಲದ ಆರಂಭದಲ್ಲಿ ನಾವೇ ನಮ್ಮ 1998ರ ಜಿಪ್ಸಿಗೆ ಆ ದೀಪಗಳನ್ನು ಹಾಕಿಸಿ, ಸಂಘದ ಕಚೇರಿಯಲ್ಲಿ ಕುಳಿತು ಅವುಗಳ ಗುಣಗಾನ ಮಾಡಿದ್ದೆವು. ನಮ್ಮ ಮಾತು ಕೇಳಿ ಕನಿಷ್ಠ ಆರು ಮಂದಿ ಸದಸ್ಯರು ಹಾಕಿಸಿಕೊಂಡರು. ಆ ಮಾತನ್ನು ಹಿಂತೆಗೆದುಕೊಳ್ಳುವುದಕ್ಕಾಗಿಯೂ, ಏಕೆ ಹಿಂತೆಗೆದುಕೊಳ್ಳುತ್ತಿದ್ದೇವೆ ಎಂಬುದನ್ನು ವಿವರವಾಗಿ ತಿಳಿಸುವುದಕ್ಕಾಗಿಯೂ ಈ ಲೇಖನ.

ನಡೆದದ್ದನ್ನು ಮೊದಲು ಹೇಳಿಬಿಡುತ್ತೇವೆ. ಎಲೆಕ್ಟ್ರಿಷಿಯನ್ ಕಿಟ್ ಕೂಡಿಸಿ ಸ್ವಿಚ್ ಒತ್ತಿದಾಗ, “ನೋಡಿ ಸಾರ್, ರಾತ್ರೀನ ಹಗಲು ಮಾಡಿಬಿಡ್ತು” ಎಂದ. ಆತನ ಅಂಗಡಿಯ ಮುಂದೆ ಅದು ನಿಜವೂ ಆಗಿತ್ತು. ಜುಲೈ ತಿಂಗಳ ಒಂದು ಸಂಜೆ ಏಳೂವರೆಯ ಹೊತ್ತಿಗೆ ನಾವು ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆಗೆ ಬರುತ್ತಿದ್ದೆವು. ಮಳೆ ನಿಂತು ಮೋಡ ರಸ್ತೆಗೇ ಇಳಿದಿತ್ತು. ಒಂದು ತಿರುವಿನಲ್ಲಿ ಎದುರಿನಿಂದ ಬಂದ ಸ್ಕೂಟರಿನ ದೀಪ ಒಂದು ಕ್ಷಣ ಕಂಡು ಮಾಯವಾಯಿತು. ನಾವು ಗಾಡಿ ನಿಲ್ಲಿಸಿ ಇಳಿದು ನೋಡಿದರೆ ಸ್ಕೂಟರು ಚರಂಡಿಯಲ್ಲಿ ಬಿದ್ದಿತ್ತು, ಸವಾರ ದರೆಗೆ ಒರಗಿ ಕುಳಿತಿದ್ದ. ಬೇರೆ ಯಾರೂ ಅಲ್ಲ, ನಮ್ಮ ಸಂಘದ ಸದಸ್ಯರೇ, ನಮ್ಮ ತೋಟದಿಂದ ಎರಡು ಮೈಲಿ ಆಚೆಯವರು.

“ನಿಮ್ಮ ಗಾಡಿ ಅಂತ ಗೊತ್ತಾಗ್ಲಿಲ್ಲ ಅಣ್ಣಾ. ದೊಡ್ಡ ಲಾರಿ ಮೈಮೇಲೆ ಬಂತು ಅಂದ್ಕೊಂಡೆ. ರಸ್ತೆ ಎಲ್ಲಿ ಮುಗೀತು, ಚರಂಡಿ ಎಲ್ಲಿ ಶುರುವಾಯ್ತು ಒಂದೂ ಕಾಣ್ಲಿಲ್ಲ” ಎಂದರು. ಅವರ ಭುಜದ ಎಲುಬು ಮುರಿದಿತ್ತು. ಆರು ವಾರ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕೂರಬೇಕಾಯಿತು. ಅಡಕೆಗೆ ಎರಡನೆಯ ಔಷಧಿ ಹೊಡೆಸಬೇಕಾದ ದಿನಗಳು ಅವೇ. ಕೊನೆಗಾರರನ್ನು ಹುಡುಕಿ, ಹೊಳವು ಕಂಡ ಗಳಿಗೆಯಲ್ಲಿ ಕರೆದು ತರುವ ಓಡಾಟ ಅವರೊಬ್ಬರಿಂದಲೇ ನಡೆಯುತ್ತಿದ್ದುದು. ನಾವು ಮತ್ತು ನೆರೆಯವರು ಸೇರಿ ಜನ ಒದಗಿಸುವ ಹೊತ್ತಿಗೆ ಮಳೆ ಬಿಡಲೇ ಇಲ್ಲ. ಕೆಳಗಿನ ತೋಟದ ಕಾಯಿ ಬಹುಪಾಲು ಕೊಳೆಗೆ ಹೋಯಿತು. ಅವರು ಇಂದಿಗೂ ನಮ್ಮನ್ನು ದೂರಿಲ್ಲ. ಆದರೆ ಲೆಕ್ಕ ನಮಗೆ ಗೊತ್ತಿದೆ.

ಅದಾದ ಮೇಲೆ ನಾವು ಮಾಡಿದ ಮೊದಲ ಕೆಲಸವೆಂದರೆ, ಗಾಡಿಯನ್ನು ನಮ್ಮ ಕಾಫಿ ಕಣದಲ್ಲಿ ನಿಲ್ಲಿಸಿ ಗೋಡೌನಿನ ಗೋಡೆಗೆ ಬೆಳಕು ಬಿಟ್ಟು ನೋಡಿದ್ದು. ಇದನ್ನು ಹಾಕಿಸಿದ ದಿನವೇ ಮಾಡಬೇಕಿತ್ತು. ಫಾಗ್ ಲೈಟಿನ ಬೆಳಕಿಗೆ ಗೋಡೆಯ ಮೇಲೆ ಅಡ್ಡಗೆರೆ ಎಳೆದಂತೆ ಒಂದು ಮೇಲಂಚು ಇರಬೇಕು, ಅದರ ಮೇಲೆ ಕತ್ತಲೆ ಇರಬೇಕು. ನಮ್ಮ ಗೋಡೆಯ ಮೇಲೆ ಗೆರೆಯೇ ಇರಲಿಲ್ಲ. ಹೆಂಚಿನವರೆಗೂ ಬೆಳಕು ಹರಡಿಕೊಂಡಿತ್ತು, ನಡುವೆ ಒಂದೆರಡು ಕಡೆ ಚುಕ್ಕೆಯಂತೆ ತೀಕ್ಷ್ಣವಾದ ಬಿಳುಪು ಇತ್ತು.

ಹೀಗೇಕಾಯಿತು ಎಂಬುದನ್ನು ತಿಳಿಯಬೇಕಾದರೆ ಎರಡು ಬಗೆಯ ಬಲ್ಬುಗಳ ಒಳಗೆ ಏನಿದೆ ಎಂದು ನೋಡಬೇಕು. ಹಳೆಯ ಗಾಡಿಗಳಿಗೆ ಹಾಕುವ ಫಾಗ್ ಲೈಟುಗಳಲ್ಲಿ ಸಾಮಾನ್ಯವಾಗಿ ಇರುವುದು ಎಚ್3 ಎಂಬ 55 ವ್ಯಾಟಿನ ಹ್ಯಾಲೊಜನ್ ಬಲ್ಬು. ಅದರೊಳಗೆ ಕೆಲವೇ ಮಿಲಿಮೀಟರು ಉದ್ದದ ಒಂದು ತಂತಿಯ ಸುರುಳಿ ಅಡ್ಡಡ್ಡಲಾಗಿ ಕೂತಿರುತ್ತದೆ. ದೀಪದ ಹಿಂಬದಿಯ ಹೊಳಪಿನ ಬಟ್ಟಲನ್ನೂ, ಮುಂದಿನ ಗಾಜಿನ ಗೆರೆಗಳನ್ನೂ ರೂಪಿಸಿರುವುದು ಆ ಸುರುಳಿ ಅದೇ ಜಾಗದಲ್ಲಿ, ಅದೇ ದಿಕ್ಕಿನಲ್ಲಿ ಇರುತ್ತದೆ ಎಂಬ ಲೆಕ್ಕದ ಮೇಲೆ. ಸುರುಳಿ ಒಂದು ಮಿಲಿಮೀಟರು ಅತ್ತಿತ್ತ ಸರಿದರೂ ರಸ್ತೆಯ ಮೇಲಿನ ಬೆಳಕು ಎಷ್ಟೋ ಸರಿಯುತ್ತದೆ.

ಕ್ಸೆನಾನ್ ದೀಪದಲ್ಲಿ ತಂತಿಯೇ ಇಲ್ಲ. ಪುಟ್ಟ ಗಾಜಿನ ಗುಳ್ಳೆಯೊಳಗೆ ಎರಡು ಮೊನೆಗಳ ನಡುವೆ ವಿದ್ಯುತ್ತಿನ ಚಾಪ ಉರಿಯುತ್ತದೆ, ವೆಲ್ಡಿಂಗ್ ಮಾಡುವಾಗ ಕಾಣುವಂಥದ್ದೇ. ಗುಳ್ಳೆಯಲ್ಲಿ ಕ್ಸೆನಾನ್ ಅನಿಲದ ಜೊತೆಗೆ ಕೆಲವು ಲೋಹದ ಲವಣಗಳಿರುತ್ತವೆ, ಹಲವು ಮಾದರಿಗಳಲ್ಲಿ ಪಾದರಸವೂ ಇರುತ್ತದೆ. ಚಾಪವನ್ನು ಹೊತ್ತಿಸಲು 20 ಸಾವಿರ ವೋಲ್ಟಿಗೂ ಮೇಲ್ಪಟ್ಟ ಒಂದು ಹೊಡೆತ ಬೇಕು. ಹೊತ್ತಿದ ಮೇಲೆ ನೂರಕ್ಕಿಂತ ಕಡಿಮೆ ವೋಲ್ಟಿನಲ್ಲಿ ಉರಿಯುತ್ತದೆ. ಇದನ್ನೆಲ್ಲ ನೋಡಿಕೊಳ್ಳುವ ಪೆಟ್ಟಿಗೆಗೆ ಬ್ಯಾಲಾಸ್ಟ್ ಎಂದು ಹೆಸರು. ಮೊದಲಿಗೆ 1991ರಲ್ಲಿ ಬಿ.ಎಂ.ಡಬ್ಲ್ಯು. ಕಂಪೆನಿ ತನ್ನ ದೊಡ್ಡ ಕಾರಿಗೆ ಈ ಬಗೆಯ ಹೆಡ್‌ಲೈಟನ್ನು ಕೊಟ್ಟಿತು. 35 ವ್ಯಾಟ್ ಮಾತ್ರ ಬಳಸಿ ಸುಮಾರು 3200 ಲ್ಯೂಮೆನ್ ಬೆಳಕು ಕೊಡುತ್ತದೆ. 55 ವ್ಯಾಟಿನ ಎಚ್3 ಕೊಡುವುದು ಸುಮಾರು 1450. ಆಯುಸ್ಸೂ ಹ್ಯಾಲೊಜನ್ನಿಗಿಂತ ಬಹಳ ಹೆಚ್ಚು. ಇಷ್ಟನ್ನು ಕೇಳಿದ ಯಾರಿಗಾದರೂ ಆಸೆಯಾಗುವುದು ಸಹಜ, ನಮಗೂ ಆಯಿತು.

ಆದರೆ ಆ ಕಾರಿನಲ್ಲಿ ದೀಪದ ಬಟ್ಟಲನ್ನು ಚಾಪಕ್ಕಾಗಿಯೇ ರೂಪಿಸಿದ್ದರು. ಪೇಟೆಯಲ್ಲಿ ಸಿಗುವ ಕಿಟ್ಟಿನಲ್ಲಿ ಕ್ಸೆನಾನ್ ಗುಳ್ಳೆಯನ್ನು ಎಚ್3ರ ಬುಡಕ್ಕೆ ಕೂರಿಸಿರುತ್ತಾರೆ, ಬುಡ ಹೊಂದುತ್ತದೆ, ಬೆಳಕು ಹೊಂದುವುದಿಲ್ಲ. ಎಚ್3ರಲ್ಲಿ ಸುರುಳಿ ಅಡ್ಡಕ್ಕಿದ್ದರೆ ಕಿಟ್ಟಿನ ಚಾಪ ಉದ್ದಕ್ಕಿರುತ್ತದೆ. ಉದ್ದ ಬೇರೆ, ದಪ್ಪ ಬೇರೆ, ಹೊಳಪು ಹಂಚಿಕೊಂಡಿರುವ ರೀತಿಯೂ ಬೇರೆ. ಗಡಿಯಾರಕ್ಕೆ ಮುಳ್ಳು ಹೊಂದಿತೆಂದು ಬೇರೆ ಗಡಿಯಾರದ ಮುಳ್ಳು ಹಾಕಿದಂತೆ. ಇಮ್ಮಡಿ ಬೆಳಕು ಹುಟ್ಟಿ, ಹೋಗಬಾರದ ಕಡೆಗೆಲ್ಲ ಹೋಗುತ್ತದೆ. ಯುರೋಪಿನ ನಿಯಮಗಳಲ್ಲಿ 2000 ಲ್ಯೂಮೆನ್ ಮೀರಿದ ಬಲ್ಬಿನ ಹೆಡ್‌ಲೈಟಿಗೆ ತಾನಾಗಿ ಎತ್ತರ ಸರಿಪಡಿಸಿಕೊಳ್ಳುವ ವ್ಯವಸ್ಥೆಯೂ, ಗಾಜು ತೊಳೆಯುವ ವ್ಯವಸ್ಥೆಯೂ ಇರಬೇಕೆಂದು ಕಡ್ಡಾಯ ಮಾಡಿದ್ದು ಸುಮ್ಮನೆ ಅಲ್ಲ. ಹಿಂದಿನ ಸೀಟಿಗೆ ನಾಲ್ಕು ಮೂಟೆ ಗೊಬ್ಬರ ಹಾಕಿದರೆ ನಮ್ಮ ಜಿಪ್ಸಿಯ ಮೂಗು ಮೇಲೇಳುತ್ತದೆ, ಅದರೊಡನೆ ದೀಪವೂ.

ಇಲ್ಲಿ ಒಂದು ಗೊಂದಲವನ್ನೂ ನಿವಾರಿಸಬೇಕು. ಅಂಗಡಿಯಲ್ಲಿ “ಕ್ಸೆನಾನ್” ಎಂದು ಬರೆದ ಎಲ್ಲ ಬಲ್ಬುಗಳೂ ಚಾಪದೀಪಗಳಲ್ಲ. ಸಾಮಾನ್ಯ ಹ್ಯಾಲೊಜನ್ ಬಲ್ಬಿಗೆ ನೀಲಿ ಬಣ್ಣ ಬಳಿದು, ಒಳಗೆ ಒಂದಿಷ್ಟು ಕ್ಸೆನಾನ್ ತುಂಬಿ ಅದೇ ಹೆಸರಿನಲ್ಲಿ ಮಾರುತ್ತಾರೆ. ಬ್ಯಾಲಾಸ್ಟ್ ಪೆಟ್ಟಿಗೆ ಇಲ್ಲದಿದ್ದರೆ ಅದು ಹ್ಯಾಲೊಜನ್ನೇ. ನೀಲಿ ಬಣ್ಣ ಬೆಳಕನ್ನು ತಿನ್ನುತ್ತದೆಯೇ ಹೊರತು ಕೊಡುವುದಿಲ್ಲ. ನಿಜವಾದ ಕ್ಸೆನಾನಿನಲ್ಲೂ 4300 ಕೆಲ್ವಿನ್ ಎಂಬುದು ಕಾರ್ಖಾನೆಯವರು ಬಳಸುವ ಬಿಳುಪು. 6000, 8000 ಎಂದು ಸಂಖ್ಯೆ ಏರಿದಂತೆ ನೀಲಿ ಏರುತ್ತದೆ, ಬೆಳಕು ಇಳಿಯುತ್ತದೆ. ನಮ್ಮದು 8000 ಆಗಿತ್ತು ಎಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ.

ಇನ್ನು ಮಂಜಿನ ವಿಚಾರ. ಚಾರ್ಮಾಡಿಯಲ್ಲಾಗಲಿ ಆಗುಂಬೆಯಲ್ಲಾಗಲಿ ಮಳೆಗಾಲದಲ್ಲಿ ನಾವು ಮಂಜು ಎನ್ನುವುದು ವಾಸ್ತವವಾಗಿ ಗುಡ್ಡಕ್ಕೆ ತಾಗಿದ ಮೋಡವೇ. ಅದರ ಹನಿಗಳ ಗಾತ್ರ ಮಿಲಿಮೀಟರಿನ ನೂರನೆಯ ಒಂದು ಭಾಗದ ಆಸುಪಾಸು. ನಮ್ಮ ಕಣ್ಣಿಗೆ ಕಣ್ಣೆದುರಿನ ಕೂದಲಿಗಿಂತ ಸಣ್ಣದಾದರೂ ಬೆಳಕಿನ ಅಲೆಯ ಅಳತೆಗೆ ಅದು ಬೆಟ್ಟ. ಆಕಾಶ ನೀಲಿಯಾಗಿ ಕಾಣುವುದು ಗಾಳಿಯ ಅಣುಗಳು ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸುವುದರಿಂದ. ಆದರೆ ಮಂಜಿನ ಹನಿ ಅಣುವಿಗಿಂತ ಬಹಳ ದೊಡ್ಡದಾದ ಕಾರಣ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತದೆ. ಅದಕ್ಕೇ ಮಂಜು ಬಿಳಿ. ಹಾಗಾಗಿ ಹಳದಿ ದೀಪ ಮಂಜನ್ನು ಸೀಳಿಕೊಂಡು ಹೋಗುತ್ತದೆ ಎಂಬ ಹಳೆಯ ನಂಬಿಕೆಗೆ ಅಷ್ಟಾಗಿ ಆಧಾರವಿಲ್ಲ. ಫ್ರಾನ್ಸಿನಲ್ಲಿ 1993ರವರೆಗೆ ಹೆಡ್‌ಲೈಟೇ ಹಳದಿ ಇರಬೇಕೆಂಬ ಕಾನೂನಿತ್ತು. ಹಳದಿಯಲ್ಲಿ ನೀಲಿಯ ಅಂಶ ಇಲ್ಲದ್ದರಿಂದ ಕಣ್ಣಿಗೆ ಕಿರಿಕಿರಿ ಕಡಿಮೆ, ಅಷ್ಟೇ ಅದರ ಉಪಕಾರ. ನೀಲಿ ಹೆಚ್ಚಿದ ಕ್ಸೆನಾನಿನ ಅಪಕಾರವೂ ಅದೇ ಲೆಕ್ಕದಲ್ಲಿ ತಿಳಿಯುತ್ತದೆ.

ಮಂಜಿನಲ್ಲಿ ಮುಖ್ಯವಾದದ್ದು ಬೆಳಕಿನ ಬಣ್ಣವೂ ಅಲ್ಲ, ಬಲವೂ ಅಲ್ಲ, ಅದು ಬರುವ ಜಾಗ. ರಾತ್ರಿ ಮೋಟರು ಶುರುಮಾಡಲು ಹೊಳೆಬದಿಗೆ ಹೋಗುವವರು ಇದನ್ನು ಅರಿತಿರುತ್ತಾರೆ. ಹಣೆಗೆ ಕಟ್ಟಿದ ಬ್ಯಾಟರಿ ಮಂಜಿನಲ್ಲಿ ಬೆಳ್ಳನೆಯ ಪರದೆಯನ್ನೇ ತೋರಿಸುತ್ತದೆ. ಅದೇ ಬ್ಯಾಟರಿಯನ್ನು ಬಿಚ್ಚಿ ಮೊಣಕಾಲಿನ ಎತ್ತರದಲ್ಲಿ ಹಿಡಿದರೆ ಕಾಲುದಾರಿ ಕಾಣುತ್ತದೆ. ಕಣ್ಣಿನ ಹತ್ತಿರದಿಂದ ಹೊರಟ ಬೆಳಕು ಹನಿಗಳಿಗೆ ತಾಗಿ ಕಣ್ಣಿಗೇ ಹಿಂತಿರುಗುತ್ತದೆ. ತಗ್ಗಿನಿಂದ ಹೊರಟು ನೆಲ ಹಿಡಿದು ಹೋಗುವ ಬೆಳಕು ನಮ್ಮ ನೋಟದ ಕೆಳಗೆ ಹಾಯುತ್ತದೆ. ಫಾಗ್ ಲೈಟ್ ಎಂದರೆ ಇಷ್ಟೇ. ತಗ್ಗಿನಲ್ಲಿರಬೇಕು, ಅಗಲವಾಗಿ ಹರಡಬೇಕು, ಮೇಲಂಚು ಕತ್ತರಿಸಿದಂತಿರಬೇಕು. ಮೇಲಂಚು ಕೆಟ್ಟ ಮೇಲೆ ಬೆಳಕು ಇಮ್ಮಡಿಯಾದರೆ ಪರದೆಯೂ ಇಮ್ಮಡಿ. ನಮಗೆ ಆ ಸಂಜೆ ದೂರದ್ದೇನೂ ಕಂಡಿರಲಿಲ್ಲ. ಬಂಪರಿನ ಮುಂದಿನ ಹತ್ತು ಹೆಜ್ಜೆ ಮಾತ್ರ ಝಗಝಗಿಸುತ್ತಿತ್ತು, ಆ ಝಗಝಗಕ್ಕೆ ಒಗ್ಗಿದ ಕಣ್ಣು ಆಚೆಯ ಮಬ್ಬಿಗೆ ಕುರುಡಾಗಿತ್ತು. ಆದರೂ ಚೆನ್ನಾಗಿ ಕಾಣುತ್ತಿದೆ ಎಂದೇ ಅಂದುಕೊಂಡು ಬರುತ್ತಿದ್ದೆವು. ಈ ದೀಪದ ಮೋಸ ಇರುವುದೇ ಅಲ್ಲಿ.

ಹಾಗಾದರೆ ಏನು ಹಾಕಿಸಬೇಕು? ಬಲ್ಬು ಬದಲಿಸುವ ಕಿಟ್ಟಲ್ಲ, ಫಾಗ್ ಲೈಟಾಗಿಯೇ ತಯಾರಾದ ಪೂರ್ತಿ ದೀಪ. ಗಾಜಿನ ಮೇಲೆ ವೃತ್ತದೊಳಗೆ ಇ ಅಕ್ಷರ ಮತ್ತು ಒಂದು ಸಂಖ್ಯೆ, ಜೊತೆಗೆ ಬಿ ಎಂಬ ಅಕ್ಷರ ಅಥವಾ ಎಫ್3 ಎಂದು ಅಚ್ಚಾಗಿದ್ದರೆ ಅದು ಮುಂಬದಿಯ ಮಂಜುದೀಪವಾಗಿ ಪರೀಕ್ಷೆಯಾದದ್ದು ಎಂದರ್ಥ. ಈಗ ಪೇಟೆಯಲ್ಲಿ ಕ್ಸೆನಾನಿಗಿಂತ ಎಲ್.ಇ.ಡಿ.ಯದೇ ಭರಾಟೆ. ಅದಕ್ಕೂ ಇದೇ ಮಾತು: ಎಲ್.ಇ.ಡಿ.ಗಾಗಿಯೇ ರೂಪಿಸಿದ ಪೂರ್ತಿ ದೀಪವಾದರೆ ಸರಿ, ಹ್ಯಾಲೊಜನ್ ಬಟ್ಟಲಿಗೆ ಎಲ್.ಇ.ಡಿ. ಬಲ್ಬು ತುರುಕುವುದು ಕ್ಸೆನಾನ್ ಕಿಟ್ಟಿನ ತಮ್ಮನೇ. ನಾವಂತೂ ಕಿಟ್ಟನ್ನು ಕಿತ್ತುಹಾಕಿಸಿ ಎಚ್3 ಹ್ಯಾಲೊಜನ್ನಿನ ಹೊಸ ಜೋಡಿಯನ್ನು ಬಂಪರಿಗೆ ಹಾಕಿಸಿದೆವು. ಎರಡು ಮಳೆಗಾಲ ಓಡಾಡಿ ನೋಡಿದ್ದೇವೆ, ಇನ್ನೇನೂ ಬೇಕೆನಿಸಿಲ್ಲ.

ಜೋಡಿಸುವ ಕೆಲಸದಲ್ಲಿ ನಮ್ಮ ಕಡೆಯ ಅಂಗಡಿಗಳಲ್ಲಿ ಅವಸರ ಹೆಚ್ಚು, ಆದ್ದರಿಂದ ಎದುರಿಗೆ ನಿಂತು ಮಾಡಿಸುವುದೊಳ್ಳೆಯದು. ದೀಪಗಳು ಹೆಡ್‌ಲೈಟಿಗಿಂತ ಕೆಳಗೆ ಇರಬೇಕು. ಯುರೋಪಿನ ನಿಯಮದಲ್ಲಿ ಕಾರುಗಳಿಗೆ ನೆಲದಿಂದ 25 ಸೆಂಟಿಮೀಟರಿಗೆ ಕಡಿಮೆಯಿಲ್ಲದಂತೆ, 80ಕ್ಕೆ ಮೀರದಂತೆ ಎಂದಿದೆ. ನಮ್ಮ ತೋಟದ ರಸ್ತೆಯ ಕಲ್ಲು, ನೀರಿನ ಗುಂಡಿಗಳನ್ನು ನೆನೆದು ನಾವು 50ರ ಹತ್ತಿರ ಇಟ್ಟೆವು. ಮುಂದೆ ಕಬ್ಬಿಣದ ಗಾರ್ಡ್ ಕಟ್ಟಿಸಿ ಅದರ ಮೇಲೆ ದೀಪ ಕೂರಿಸುವ ಪದ್ಧತಿ ಬೇಡ. ಆ ಗಾರ್ಡುಗಳನ್ನು ತೆಗೆಸಬೇಕೆಂದು ಕೇಂದ್ರ ಸರಕಾರ 2017ರ ಕೊನೆಯಲ್ಲೇ ಆದೇಶಿಸಿದೆ.

ತಂತಿಯ ವಿಷಯದಲ್ಲಿ ಸ್ವಲ್ಪ ಲೆಕ್ಕ ಬೇಕು. 55 ವ್ಯಾಟಿನ ಎರಡು ಬಲ್ಬು ಸೇರಿ 110 ವ್ಯಾಟ್, 12 ವೋಲ್ಟಿಗೆ ಭಾಗಿಸಿದರೆ 9 ಆಂಪಿಯರಿಗೂ ಮೇಲೆ. ಇದನ್ನು ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕವೇ ಹರಿಸಿದರೆ ಸ್ವಿಚ್ಚು ಕಾಯುತ್ತದೆ, ಹಳೆಯ ಗಾಡಿಯ ಒಣಗಿದ ವೈರಿಂಗ್ ಸುಡಲೂ ಬಹುದು. ಒಂದು ಚದರ ಮಿಲಿಮೀಟರಿನ ತೆಳು ತಂತಿಯಲ್ಲಿ ಮೂರು ಮೀಟರು ಹೋಗುವಷ್ಟರಲ್ಲಿ ಅರ್ಧ ವೋಲ್ಟ್ ಕರಗುತ್ತದೆ. ತುಕ್ಕುಹಿಡಿದ ಅರ್ಥ್, ಸಡಿಲವಾದ ಕ್ಲಿಪ್ಪು ಸೇರಿದರೆ ಇನ್ನೂ ಅಷ್ಟು. ವೋಲ್ಟೇಜು ನೂರಕ್ಕೆ ಹತ್ತು ಇಳಿದರೆ ಹ್ಯಾಲೊಜನ್ನಿನ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ಹಳೆಯ ಗಾಡಿಯ ದೀಪ ಮಂಕೆಂದು ದೂರುವವರು ಹೊಸ ದೀಪಕ್ಕೆ ಹೋಗುವ ಮೊದಲು ಇದನ್ನು ಪರೀಕ್ಷಿಸಲಿ. ಹೆಡ್‌ಲೈಟಿಗೇ ಒಂದು ಒಳ್ಳೆಯ ತಂತಿ, ರಿಲೇ ಹಾಕಿಸಿ ಸಮಸ್ಯೆ ಮುಗಿಸಿಕೊಂಡವರು ನಮ್ಮಲ್ಲಿದ್ದಾರೆ.

ಎರಡೂವರೆ ಚದರ ಮಿಲಿಮೀಟರಿನ ತಂತಿಯನ್ನು ಬ್ಯಾಟರಿಯಿಂದ ನೇರವಾಗಿ ಎಳೆಯಬೇಕು. ಬ್ಯಾಟರಿಯಿಂದ ಒಂದು ಗೇಣಿನೊಳಗೆ 15 ಆಂಪಿಯರಿನ ಫ್ಯೂಸ್ ಇರಲೇಬೇಕು, ಫ್ಯೂಸಿನ ಹಿಂದಿನ ತಂತಿಗೆ ಯಾವ ರಕ್ಷಣೆಯೂ ಇಲ್ಲವೆಂಬುದನ್ನು ಮರೆಯಬಾರದು. ರಿಲೇಯ ಕಾಲುಗಳ ಮೇಲೆ ಸಂಖ್ಯೆ ಬರೆದಿರುತ್ತದೆ. 30ಕ್ಕೆ ಬ್ಯಾಟರಿಯಿಂದ ಬಂದದ್ದು, 87ರಿಂದ ದೀಪಗಳಿಗೆ, 86ಕ್ಕೆ ಸ್ವಿಚ್ಚು, 85 ಅರ್ಥ್. ಸ್ವಿಚ್ಚಿಗೆ ಕರೆಂಟನ್ನು ಪಾರ್ಕಿಂಗ್ ಲೈಟಿನ ತಂತಿಯಿಂದ ಕೊಟ್ಟರೆ, ಪಾರ್ಕಿಂಗ್ ಆರಿಸಿದಾಗ ಇದೂ ಆರುತ್ತದೆ, ಬೆಳಿಗ್ಗೆ ಬ್ಯಾಟರಿ ಸತ್ತುಬಿದ್ದಿರುವುದಿಲ್ಲ. ಅರ್ಥ್ ಕೊಡುವ ಕಡೆ ಪೇಂಟನ್ನು ಹೊಳೆಯುವ ತನಕ ಕೆರೆದು, ಬೋಲ್ಟ್ ಬಿಗಿದು, ಮೇಲೆ ವ್ಯಾಸಲೀನ್ ಸವರಬೇಕು. ತಗಡಿನ ತೂತಿನ ಮೂಲಕ ತಂತಿ ಹಾಯುವ ಕಡೆ ರಬ್ಬರಿನ ಬಳೆ ಇರಲಿ. ನಮ್ಮ ಶೆಡ್ಡುಗಳಲ್ಲಿ ಇಲಿಗಳ ಕಾಟ ಇರುವುದರಿಂದ ತಂತಿಯನ್ನು ಸುಕ್ಕುಗಟ್ಟಿದ ಪ್ಲಾಸ್ಟಿಕ್ ಕೊಳವೆಯಲ್ಲಿ ಹಾಯಿಸುವುದು ಮೇಲು. ಹ್ಯಾಲೊಜನ್ ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಬಾರದು, ಬೆರಳಿನ ಜಿಡ್ಡು ತಾಗಿದ ಜಾಗ ಕಾದು ಬಲ್ಬು ಬೇಗ ಹೋಗುತ್ತದೆ.

ಈಗಾಗಲೇ ಕ್ಸೆನಾನ್ ಹಾಕಿಸಿಕೊಂಡಿರುವವರು ತೆಗೆಸುವವರೆಗಾದರೂ ಒಂದೆರಡು ವಿಷಯ ಗಮನಿಸಬೇಕು. ಉರಿಯುವಾಗ 35 ವ್ಯಾಟಾದರೂ ಹೊತ್ತಿಕೊಳ್ಳುವಾಗ ಬ್ಯಾಲಾಸ್ಟು ಕೆಲವು ಕ್ಷಣ ಅದರ ಎರಡು ಮೂರು ಪಟ್ಟು ಕರೆಂಟು ಎಳೆಯುತ್ತದೆ. ಹಳೆಯ ಸ್ವಿಚ್ಚಿನ ಮೇಲೆ ಈ ಹೊರೆ ಹಾಕಬಾರದು. ಬಂಪರಿನ ಹಿಂದೆ ಬ್ಯಾಲಾಸ್ಟಿಗೆ ಕೆಸರುನೀರು ಹೊಕ್ಕರೆ ಅದು ಕೆಡುವುದಷ್ಟೇ ಅಲ್ಲ, ಸ್ವಿಚ್ಚು ಹಾಕಿರುವಾಗ ಅದರ ತಂತಿ ಮುಟ್ಟುವುದು ಅಪಾಯ. ಬಲ್ಬು ಒಡೆದರೆ ಕೈಯಿಂದ ಬಾಚಬಾರದು, ಪಾದರಸ ಇರಬಹುದು. ಹೊತ್ತಿದ ಕೂಡಲೇ ಪೂರ್ತಿ ಬೆಳಕು ಬಾರದ್ದರಿಂದ ತಿರುವಿನಲ್ಲಿ ಮಿನುಗಿಸಿ ಸೂಚನೆ ಕೊಡಲಿಕ್ಕೂ ಇದು ಆಗದು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ನಿಗದಿ ಮಾಡಿದ್ದಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 1989ರ ನಿಯಮಗಳಲ್ಲಿ ಕಣ್ಣು ಕೋರೈಸುವುದಕ್ಕೆ ಒಂದು ಅಳತೆಯೇ ಇದೆ: ದೀಪದ ಮುಂದೆ 8 ಮೀಟರು ದೂರದಲ್ಲಿ, ಒಂದೂವರೆ ಮೀಟರು ಎತ್ತರದಲ್ಲಿ ಕಣ್ಣಿರುವ ಮನುಷ್ಯನಿಗೆ ಬೆಳಕು ಕೋರೈಸಬಾರದು. ಹದಿನೈದು ವರ್ಷ ದಾಟಿದ ನಮ್ಮಂಥವರ ಗಾಡಿಗಳು ಐದೈದು ವರ್ಷಕ್ಕೆ ನೋಂದಣಿ ನವೀಕರಣಕ್ಕೆ ಹೋಗಲೇಬೇಕಾದ್ದರಿಂದ ಇದನ್ನು ಅಲಕ್ಷಿಸುವಂತಿಲ್ಲ. ಆದರೆ ನಿಜ ಹೇಳಬೇಕೆಂದರೆ ನಾವು ದೀಪ ಕೀಳಿಸಿದ್ದು ಕಾನೂನಿಗೆ ಅಂಜಿ ಅಲ್ಲ.

ದೀಪ ಹಾಕಿಸಿದ ಮೇಲೆ ಅದರ ನೋಟ ಸರಿಪಡಿಸದೆ ಹಣ ಕೊಡಬೇಡಿ. ಚಕ್ರಗಳಿಗೆ ಸರಿಯಾಗಿ ಗಾಳಿ ತುಂಬಿಸಿ, ದಿನವೂ ಸಾಗಿಸುವಷ್ಟು ಭಾರ ಹೇರಿ, ಸಮತಟ್ಟಾದ ಕಣದಲ್ಲಿ ಗೋಡೆಯಿಂದ 10 ಮೀಟರು ದೂರ ನಿಲ್ಲಿಸಬೇಕು. ದೀಪದ ನಡುಮಧ್ಯ ನೆಲದಿಂದ ಎಷ್ಟು ಎತ್ತರವೋ ಅದಕ್ಕಿಂತ 20 ಸೆಂಟಿಮೀಟರು ಕೆಳಗೆ ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದು, ಬೆಳಕಿನ ಮೇಲಂಚು ಆ ಗೆರೆಗೆ ಬರುವಂತೆ ದೀಪವನ್ನು ತಗ್ಗಿಸಿ ಬಿಗಿಯಬೇಕು. ನೂರಕ್ಕೆ ಎರಡರ ಈ ಇಳಿಜಾರಿನಲ್ಲಿ 50 ಸೆಂಟಿಮೀಟರು ಎತ್ತರದ ದೀಪದ ಮೇಲಂಚು 25 ಮೀಟರಿಗೆ ನೆಲ ಮುಟ್ಟುತ್ತದೆ. ಅಂದರೆ ಫಾಗ್ ಲೈಟು ತೋರಿಸುವುದೇ 25 ಮೀಟರು, ಅದರಾಚೆಗೆ ಅಲ್ಲ. ಈ ಅಂಕಿಯನ್ನು ಇಟ್ಟುಕೊಂಡು ವೇಗದ ಲೆಕ್ಕ ಹಾಕಿ. ಗಂಟೆಗೆ 40 ಕಿಲೋಮೀಟರಿನಲ್ಲಿ ಒಂದು ಸೆಕೆಂಡಿಗೆ 11 ಮೀಟರು ಹೋಗುತ್ತೇವೆ. ಕಾಲು ಬ್ರೇಕಿಗೆ ಬರುವಷ್ಟರಲ್ಲಿ ಆ ಒಂದು ಸೆಕೆಂಡು ಕಳೆದಿರುತ್ತದೆ, ಒದ್ದೆ ರಸ್ತೆಯಲ್ಲಿ ಗಾಡಿ ನಿಲ್ಲಲು ಇನ್ನೂ ಸುಮಾರು 16 ಮೀಟರು ಬೇಕು. ಒಟ್ಟು 27. ಘಾಟಿ ಇಳಿಯುವಾಗ ಇನ್ನೂ ಹೆಚ್ಚು. 20 ಕಿಲೋಮೀಟರಿನಲ್ಲಾದರೆ 10 ಮೀಟರಿಗೆ ನಿಲ್ಲುತ್ತದೆ. ಹಾಗೆಯೇ ಮಂಜಿನಲ್ಲಿ ಹೈಬೀಮ್ ಹಾಕಬಾರದು, ಮಂಜು ಕಳೆದೊಡನೆ ಫಾಗ್ ಲೈಟ್ ಆರಿಸಬೇಕು.

ಇನ್ನೊಂದು ಸಣ್ಣ ಮಾತು. ಒದ್ದೆ ಕಂಬಳಿ, ರೇನ್‌ಕೋಟು ಹೊದ್ದ ಐದಾರು ಜನ ಗಾಡಿಯೊಳಗೆ ಕೂತಾಗ ನಾವು ಮಂಜೆಂದು ಬೈಯುವುದರಲ್ಲಿ ಅರ್ಧ ಗಾಜಿನ ಒಳಮೈಯಲ್ಲೇ ಇರುತ್ತದೆ. ಕಿಟಕಿಯನ್ನು ಎರಡು ಬೆರಳು ತೆರೆದು, ಬ್ಲೋವರ್ ಹಾಕಿ, ಗಾಜನ್ನು ಒಣಬಟ್ಟೆಯಿಂದ ಒರೆಸಿದರೆ ದಾರಿ ಕಾಣತೊಡಗುತ್ತದೆ. ಹಿಂದಿನ ಕೆಂಪು ದೀಪಗಳ ಕೆಸರನ್ನೂ ಅದೇ ಬಟ್ಟೆಯಿಂದ ಒರೆಸಿಬಿಡಿ.

ಸಂಘದ ಗೋಡೌನಿನ ಪಡುವಣ ಗೋಡೆಗೆ ಬಿಳಿ ಬಳಿಸಿ, 10 ಮೀಟರು ದೂರಕ್ಕೆ ಅಂಗಳದಲ್ಲಿ ಗೆರೆ ಹಾಕಿಸಿದ್ದೇವೆ. ಮೇ ತಿಂಗಳ ಎಲ್ಲ ಶನಿವಾರಗಳಂದು ಸಂಜೆ ಆರೂವರೆಯ ನಂತರ ನಾವು ಅಲ್ಲಿರುತ್ತೇವೆ. ಸ್ಕ್ರೂಡ್ರೈವರ್, ಸ್ಪ್ಯಾನರ್ ಸಂಘದಲ್ಲಿವೆ. ಜೀಪು, ಪಿಕಪ್, ಕಾರು, ಸ್ಕೂಟರು ಯಾವುದಾದರೂ ಸರಿ, ದಿನನಿತ್ಯದ ಭಾರ ಹೇರಿಕೊಂಡೇ ಬನ್ನಿ. ನಮ್ಮ ಮಾತು ಕೇಳಿ ಕಿಟ್ ಹಾಕಿಸಿದ ಆರು ಮಂದಿಗೆ ಬೇರೆಯಾಗಿ ಕಾಗದ ಬರೆದಿದ್ದೇವೆ. ಅವರ ಗಾಡಿಗಳಿಂದ ಕಿಟ್ಟು ತೆಗೆದು ಮೊದಲಿನ ಬಲ್ಬು ಕೂರಿಸುವ ಕೂಲಿಯನ್ನು ನಾವು ಕೊಡುತ್ತೇವೆ, ಸಂಘದ ಲೆಕ್ಕಕ್ಕೆ ಅಲ್ಲ.